ಬಟಾಣಿ ತೋಟದ ಗುರುಗಳು: ಗ್ರೆಗೋರ್ ಮೆಂಡೆಲ್



ಭಾನುವಾರದ ಪೂಜೆ ಮುಗಿದ ಮೇಲೆ ಧರ್ಮೋಪದೇಶಕ್ಕೆ ಕೂರುವ ದೊಡ್ಡ ಮಕ್ಕಳಲ್ಲಿ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಶಾಲೆಯ ಪುಸ್ತಕ ಜೀವಿಗಳು ಕೋಟಿಗಟ್ಟಲೆ ವರ್ಷಗಳಲ್ಲಿ ಬದಲಾಗುತ್ತ ಬಂದವು ಎನ್ನುತ್ತದೆ. ಪವಿತ್ರ ಬೈಬಲಿನ ಆದಿಕಾಂಡ ದೇವರು ಆರು ದಿನಗಳಲ್ಲಿ ಎಲ್ಲವನ್ನೂ ಉಂಟುಮಾಡಿದರು ಎನ್ನುತ್ತದೆ. ಇವೆರಡರಲ್ಲಿ ಯಾವುದನ್ನು ನಂಬಬೇಕು? ಕೆಲವು ಮನೆಗಳಲ್ಲಿ ದೊಡ್ಡವರು ಇದಕ್ಕೆ ಸುಲಭದ ದಾರಿ ಹೇಳಿಕೊಡುತ್ತಾರೆ: ಪರೀಕ್ಷೆಗೆ ಬೇಕಾದಷ್ಟು ಬರೆದುಬಿಡು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ತಾಳವಾಡಿ ಬೆಟ್ಟದ ನಮ್ಮ ಮಕ್ಕಳಲ್ಲಿ ಕನ್ನಡ ಮಾಧ್ಯಮದವರೂ ತಮಿಳು ಮಾಧ್ಯಮದವರೂ ಇದ್ದಾರೆ. ಭಾಷೆ ಯಾವುದಾದರೂ ತಮಿಳುನಾಡು ಸರ್ಕಾರದ ಪಠ್ಯಕ್ರಮ ಒಂದೇ. ಅದರ 10ನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ 18ನೆಯ ಪಾಠ ಅನುವಂಶೀಯತೆ, ಅದರ ಬೆನ್ನಿಗೇ 19ನೆಯ ಪಾಠ ಜೀವದ ಉಗಮ ಮತ್ತು ವಿಕಾಸ. ಮೊದಲನೆಯದರಲ್ಲಿ ಮೆಂಡೆಲ್, ಎರಡನೆಯದರಲ್ಲಿ ಡಾರ್ವಿನ್. ಕೇಂದ್ರದ ಪಠ್ಯಪುಸ್ತಕದಲ್ಲಿ ಹೀಗಿಲ್ಲ. ಕೊರೊನಾ ಕಾಲದ ನಂತರ ಮಕ್ಕಳ ಹೊರೆ ಇಳಿಸುವುದಕ್ಕೆಂದು ಎನ್‌ಸಿಇಆರ್‌ಟಿಯವರು ಪುಸ್ತಕಗಳನ್ನು ಕಿರಿದು ಮಾಡಿದಾಗ, 10ನೇ ತರಗತಿಯ ಅನುವಂಶೀಯತೆ ಮತ್ತು ವಿಕಾಸ ಎಂಬ ಪಾಠದಲ್ಲಿ ವಿಕಾಸದ ಭಾಗ ಬಿಟ್ಟುಹೋಯಿತು. ಉಳಿದದ್ದು ಬರೀ ಅನುವಂಶೀಯತೆ. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಇದನ್ನು ವಿರೋಧಿಸಿ ಬಹಿರಂಗ ಪತ್ರ ಬರೆದರು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಇದೆ ಎಂಬುದು ಎನ್‌ಸಿಇಆರ್‌ಟಿಯ ಉತ್ತರವಾಗಿತ್ತು. ಆದರೆ 10ನೇ ತರಗತಿಯ ಮೇಲೆ ಜೀವಶಾಸ್ತ್ರ ತೆಗೆದುಕೊಳ್ಳದ ಮಗುವಿಗೆ ಅದು ಸಿಗುವುದಿಲ್ಲ. ಅದಕ್ಕೂ ಮೊದಲು, 2018ರ ಜನವರಿಯಲ್ಲಿ, ಡಾರ್ವಿನ್ನನ ವಾದವೇ ತಪ್ಪು, ಶಾಲೆಯಿಂದ ಅದನ್ನು ತೆಗೆಯಬೇಕು ಎಂದು ಕೇಂದ್ರದ ರಾಜ್ಯ ಸಚಿವರೊಬ್ಬರು ಹೇಳಿದ್ದರು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದಿದ್ದವು.

ಈ ಗದ್ದಲದಲ್ಲಿ ಬಹಳ ಮಂದಿ ಮರೆಯುವ ಒಂದು ಸಂಗತಿ ಇದೆ. ಪುಸ್ತಕದಲ್ಲಿ ಉಳಿದುಕೊಂಡ ಆ ಮೆಂಡೆಲ್ ನಮ್ಮ ಧರ್ಮಸಭೆಯ ಒಬ್ಬ ಗುರುಗಳು. ದಿನವೂ ಬಲಿಪೂಜೆ ಅರ್ಪಿಸಿದ ಸನ್ಯಾಸಿ, ಕೊನೆಗೆ ಮಠಾಧಿಪತಿ. ಮಕ್ಕಳ ಪ್ರಶ್ನೆಗೆ ಉತ್ತರ ಹುಡುಕುವಾಗ ಅವರ ಜೀವನವನ್ನು ಒಮ್ಮೆ ನೋಡುವುದು ಒಳ್ಳೆಯದು.

ಮೆಂಡೆಲ್ ಹುಟ್ಟಿದ್ದು 1822ರ ಜುಲೈನಲ್ಲಿ, ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಹೈನ್ಸೆಂಡಾರ್ಫ್ ಎಂಬ ಸಣ್ಣ ಹಳ್ಳಿಯಲ್ಲಿ. ಈಗ ಅದು ಚೆಕ್ ದೇಶದಲ್ಲಿದೆ, ಹೆಸರು ಹಿಂಚಿತ್ಸೆ. ಜ್ಞಾನಸ್ನಾನದ ಹೆಸರು ಯೊಹಾನ್. ಆ ಸೀಮೆಯಲ್ಲಿ ಜರ್ಮನ್ ಮತ್ತು ಚೆಕ್ ಎರಡೂ ಭಾಷೆ ಆಡುತ್ತಿದ್ದರು, ನಮ್ಮಲ್ಲಿ ಕನ್ನಡ ತಮಿಳು ಇದ್ದ ಹಾಗೆ. ತಂದೆ ಆಂಟನ್ ರೈತರು. ಸ್ವಂತ ಹೊಲ ಇದ್ದರೂ ವಾರದಲ್ಲಿ ಮೂರು ದಿನ ಜಮೀನ್ದಾರನ ಬಿಟ್ಟಿ ಚಾಕರಿ ತಪ್ಪುತ್ತಿರಲಿಲ್ಲ. ಊರಿನ ಧರ್ಮಕೇಂದ್ರದ ಗುರುಗಳು ಯೊಹಾನ್ ಶ್ರೈಬರ್ ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವುದನ್ನು ರೈತರಿಗೆ ಕಲಿಸುತ್ತಿದ್ದರು. ಆಂಟನ್ ಅವರಿಂದ ಕಲಿತು ತಮ್ಮ ತೋಟದಲ್ಲಿ ಒಳ್ಳೆಯ ಗಿಡಗಳನ್ನು ಬೆಳೆಸಿದರು. ಆ ತೋಟದಲ್ಲಿ ತಂದೆಯ ಜೊತೆ ಓಡಾಡುತ್ತ ಬೆಳೆದವನು ಯೊಹಾನ್.

ಹುಡುಗ ಓದಿನಲ್ಲಿ ಚುರುಕು. 11 ವರ್ಷಕ್ಕೆ ಮನೆ ಬಿಟ್ಟು ದೂರದ ಶಾಲೆ ಸೇರಿದ. ಊಟಕ್ಕೆ ಪೂರಾ ಹಣ ಕಟ್ಟಲಾಗದೆ ಅರ್ಧ ಹೊಟ್ಟೆಯಲ್ಲೇ ಓದು ಸಾಗಿತು. 1838ರಲ್ಲಿ ಬಿಟ್ಟಿ ಚಾಕರಿಯ ಮರಗೆಲಸದಲ್ಲಿ ತಂದೆಗೆ ಪೆಟ್ಟು ಬಿತ್ತು, ಮೊದಲಿನಂತೆ ದುಡಿಯಲಾಗಲಿಲ್ಲ. ಹೊಲ ಅಕ್ಕ ವೆರೋನಿಕಾಳ ಗಂಡನ ಕೈಗೆ ಹೋಯಿತು. ಮಗನ ಓದು ನಿಂತೇಹೋಗುವ ಹೊತ್ತಿಗೆ ತಂಗಿ ತೆರೇಸಿಯಾ ಮುಂದೆ ಬಂದಳು. ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನಿಗೆ ಬಿಟ್ಟುಕೊಟ್ಟಳು. ಮೆಂಡೆಲ್ ಈ ಋಣವನ್ನು ಸಾಯುವವರೆಗೆ ಮರೆಯಲಿಲ್ಲ. ಮುಂದೆ ತಂಗಿಯ ಮೂವರು ಗಂಡುಮಕ್ಕಳ ಓದಿನ ಖರ್ಚಿಗೆ ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.

1843ರಲ್ಲಿ, ಭೌತಶಾಸ್ತ್ರ ಕಲಿಸಿದ ಗುರುಗಳ ಶಿಫಾರಸಿನಿಂದ, ಯೊಹಾನ್ ಬ್ರುನೋ ನಗರದ ಸಂತ ತೋಮಸರ ಅಗಸ್ಟೀನಿಯನ್ ಮಠವನ್ನು ಸೇರಿದರು. ಅಲ್ಲಿ ಅವರಿಗೆ ಗ್ರೆಗೋರ್ ಎಂಬ ಹೆಸರಾಯಿತು. 1847ರ ಆಗಸ್ಟ್‌ನಲ್ಲಿ ಗುರುದೀಕ್ಷೆ ಪಡೆದರು. ಮೊದಲಿಗೆ ರೋಗಿಗಳ, ಸಾಯುವವರ ಭೇಟಿಯ ಕೆಲಸ ಅವರ ಪಾಲಿಗೆ ಬಂತು. ಮೆದು ಮನಸ್ಸಿನ ಮೆಂಡೆಲ್ ಜನರ ನೋವು ನೋಡಿ ತಾವೇ ಹಾಸಿಗೆ ಹಿಡಿದರು. ಮಠಾಧಿಪತಿ ಸಿರಿಲ್ ನಾಪ್ ಅವರನ್ನು ಗದರಲಿಲ್ಲ. ಈ ಗುರುಗಳ ಕರೆ ಬೇರೆ ಎಂದು ತಿಳಿದು 1849ರಲ್ಲಿ ಜ್ನೋಯ್ಮೋ ಎಂಬ ಊರಿನ ಶಾಲೆಗೆ ಪಾಠ ಹೇಳಲು ಕಳಿಸಿದರು. ಅಲ್ಲಿ ಮಕ್ಕಳಿಗೂ ಜೊತೆಯ ಶಿಕ್ಷಕರಿಗೂ ಅವರು ಅಚ್ಚುಮೆಚ್ಚಾದರು.

ಆದರೆ ಶಿಕ್ಷಕರಾಗಿ ಖಾಯಂ ಆಗಲು ಅರ್ಹತಾ ಪರೀಕ್ಷೆ ಪಾಸಾಗಬೇಕಿತ್ತು. 1850ರಲ್ಲಿ ವಿಯೆನ್ನಾಕ್ಕೆ ಹೋಗಿ ಬರೆದರು, ಫೇಲಾದರು. 1856ರಲ್ಲಿ ಮತ್ತೊಮ್ಮೆ ಹೋದರು. ಆ ಸಲ ಪರೀಕ್ಷೆಯ ನಡುವೆಯೇ ಆರೋಗ್ಯ ಕೈಕೊಟ್ಟು ಹಿಂದಿರುಗಿದರು. ಅಲ್ಲಿಗೆ ಆ ಆಸೆ ಮುಗಿಯಿತು. 1854ರಿಂದ 1868ರವರೆಗೆ 14 ವರ್ಷ ಬ್ರುನೋದ ಶಾಲೆಯಲ್ಲಿ ಅವರು ಪಾಠ ಹೇಳಿದ್ದು ಬದಲಿ ಶಿಕ್ಷಕರಾಗಿಯೇ. ಇಂದು ಜಗತ್ತಿನ ಎಲ್ಲ ಮಕ್ಕಳ ಪರೀಕ್ಷೆಯಲ್ಲೂ ಇವರ ಬಗ್ಗೆ ಪ್ರಶ್ನೆ ಬರುತ್ತದೆ. ಪರೀಕ್ಷೆಯ ಫಲಿತಾಂಶ ನೋಡಿ ಎದೆಗುಂದುವ ನಮ್ಮ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಲಿ.

ಆ ಎರಡು ಪರೀಕ್ಷೆಗಳ ನಡುವೆ, 1851ರಿಂದ 1853ರವರೆಗೆ, ಮಠದ ಖರ್ಚಿನಲ್ಲಿ ಅವರು ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಕಲಿತರು. ಅಲ್ಲಿ ಅವರಿಗೆ ಸಸ್ಯಶಾಸ್ತ್ರ ಹೇಳಿಕೊಟ್ಟವರಲ್ಲಿ ಒಬ್ಬರು ಫ್ರಾನ್ಸ್ ಉಂಗರ್. ಡಾರ್ವಿನ್ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1859ರಲ್ಲಿ. ಅದಕ್ಕೂ ಮೊದಲೇ ಉಂಗರ್, ಗಿಡಗಳ ಜಾತಿಗಳು ಹಳೆಯ ಜಾತಿಗಳಿಂದ ಬದಲಾಗುತ್ತ ಬಂದವು ಎಂದು ಬರೆಯುತ್ತಿದ್ದರು. ಅವರ ಮೇಲೆ ಕಟುವಾಗಿ ಮುಗಿಬಿದ್ದದ್ದು ಯಾರೆಂದರೆ ವಿಯೆನ್ನಾದ ಒಂದು ಕಥೋಲಿಕ ಪತ್ರಿಕೆ. ಅದರ ಸಂಪಾದಕರು ಒಬ್ಬ ಗುರುಗಳು. ಇಂಥ ಬೋಧನೆ ಯುವಕರ ವಿಶ್ವಾಸ ಕೆಡಿಸುತ್ತದೆ ಎಂಬುದು ಅವರ ಆರೋಪ. ನಮ್ಮ ಈ ಪುಟವೂ ಒಂದು ಕಥೋಲಿಕ ಪತ್ರಿಕೆಯ ಪುಟ. ಆದ್ದರಿಂದ ಈ ಮಾತನ್ನು ಮುಚ್ಚಿಡದೆ ಹೇಳಬೇಕು. ಶಾಲೆಯಲ್ಲಿ ವಿಕಾಸವಾದ ಬೇಡ ಎಂದು ಹೆದರಿದವರಲ್ಲಿ ನಮ್ಮವರೂ ಇದ್ದರು.

ಅದೇ ಉಂಗರ್‌ರ ಶಿಷ್ಯರಾಗಿದ್ದ ಈ ಸನ್ಯಾಸಿ ವಾದಕ್ಕೆ ಇಳಿಯಲಿಲ್ಲ. ಮಠಕ್ಕೆ ಮರಳಿ ಬಟಾಣಿ ಬಿತ್ತಿದರು.

ಮಠದ ತೋಟದಲ್ಲಿ ಅವರಿಗೆ ಸಿಕ್ಕಿದ ಜಾಗ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲ. 34 ಬಗೆಯ ಬಟಾಣಿ ತಂದು ಎರಡು ವರ್ಷ ಬೆಳೆದು ನೋಡಿದರು. ತಳಿ ಕೆಡದೆ ಒಂದೇ ಸಮ ಬರುವ 22 ಬಗೆಗಳನ್ನು ಆರಿಸಿಕೊಂಡರು. ಕಾಳು ದುಂಡಗೋ ಸುಕ್ಕೋ, ಹಳದಿಯೋ ಹಸಿರೋ, ಗಿಡ ಎತ್ತರವೋ ಗಿಡ್ಡವೋ, ಹೀಗೆ ಏಳು ಗುಣಗಳನ್ನು ಗುರುತು ಮಾಡಿಕೊಂಡರು. ಹೂವು ಅರಳುವ ಮೊದಲೇ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಚಿಮಟದಿಂದ ಕಿತ್ತು, ಇನ್ನೊಂದು ಗಿಡದ ಪರಾಗವನ್ನು ಸವರಿ, ಜೇನು ದುಂಬಿ ಮುಟ್ಟದಂತೆ ಪುಟ್ಟ ಚೀಲ ಕಟ್ಟುತ್ತಿದ್ದರು. 1856ರಿಂದ 1863ರವರೆಗೆ ಈ ಕೆಲಸ ನಡೆಯಿತು. ಒಟ್ಟು ಸುಮಾರು 28,000 ಗಿಡಗಳು. ಪೂಜೆ, ಪ್ರಾರ್ಥನೆ, ಶಾಲೆಯ ಪಾಠ ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಕಾಳು ಬಿಡಿಸಿ ಎಣಿಸುವುದು.

ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡು ಕಾಳೇ ಬಂದವು. ಸುಕ್ಕು ಅಳಿದೇ ಹೋಯಿತೇ? ಆ ಕಾಳುಗಳನ್ನು ಮತ್ತೆ ಬಿತ್ತಿದರು. ಬಂದ 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚು ಕಡಿಮೆ ಮೂರಕ್ಕೆ ಒಂದು. ಉಳಿದ ಆರು ಗುಣಗಳಲ್ಲೂ ಇದೇ ಲೆಕ್ಕ. ಕಣ್ಣಿಗೆ ಕಾಣದೆ ಹೋದ ಗುಣ ಒಳಗೆ ಅಡಗಿ ಕುಳಿತಿತ್ತು, ಮೊಮ್ಮಕ್ಕಳ ಕಾಲಕ್ಕೆ ಹೊರಗೆ ಬಂತು.

ಇದು ನಮ್ಮ ರೈತರಿಗೆ ಹೊಸದಲ್ಲ. ಟೊಮೆಟೊ, ಎಲೆಕೋಸು, ಮುಸುಕಿನ ಜೋಳದ ಹೈಬ್ರಿಡ್ ಬೀಜ ಅಂಗಡಿಯಿಂದ ತಂದು ಹಾಕಿದರೆ ಬೆಳೆ ಒಂದೇ ಸಮ ಬರುತ್ತದೆ. ಅದೇ ಬೆಳೆಯಿಂದ ಬೀಜ ತೆಗೆದು ಮುಂದಿನ ವರ್ಷ ಬಿತ್ತಿದರೆ ಒಂದೊಂದು ಗಿಡ ಒಂದೊಂದು ರೀತಿ. ಹಾಗೇಕೆ ಆಗುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರು ಮೆಂಡೆಲ್. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದದ್ದೂ ಈ ದಾರಿಯಲ್ಲೇ. ನಮ್ಮ ತಟ್ಟೆಯ ಮುದ್ದೆಗೂ ಬ್ರುನೋದ ಮಠಕ್ಕೂ ಹೀಗೊಂದು ನಂಟಿದೆ.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಮೆಂಡೆಲ್ ತಮ್ಮ ಲೆಕ್ಕವನ್ನು ಬ್ರುನೋದ ನಿಸರ್ಗ ಅಧ್ಯಯನ ಸಂಘದ ಮುಂದೆ ಓದಿದರು. ಮರು ವರ್ಷ ಅದು ಅಚ್ಚಾಯಿತು. ಪ್ರತಿಗಳನ್ನು ಹಲವು ಪಂಡಿತರಿಗೆ ಕಳಿಸಿದರು. ಮ್ಯೂನಿಕ್‌ನ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ನೇಗೆಲಿಯವರೊಡನೆ ವರ್ಷಗಟ್ಟಲೆ ಪತ್ರ ವ್ಯವಹಾರ ನಡೆಸಿದರು. ಅವರಿಗೂ ಇದರ ಬೆಲೆ ತಿಳಿಯಲಿಲ್ಲ.

ಡಾರ್ವಿನ್ನನ ಗ್ರಂಥದ ಜರ್ಮನ್ ಅನುವಾದವನ್ನು ಮೆಂಡೆಲ್ ಓದಿದ್ದರು. ಪೆನ್ಸಿಲಿನಿಂದ ಗುರುತು ಹಾಕಿದ ಆ ಪ್ರತಿ ಇಂದಿಗೂ ಉಳಿದಿದೆ. ಮೆಂಡೆಲ್ ಡಾರ್ವಿನ್ನನ ಶಿಷ್ಯರಲ್ಲ, ವೈರಿಯೂ ಅಲ್ಲ. ಒಬ್ಬ ಗುರು ತಮ್ಮ ಕೋಣೆಯಲ್ಲಿ ಆ ಪುಸ್ತಕವನ್ನು ಹೆದರದೆ ಓದಿ, ತಮಗೆ ಬೇಕಾದ ಜಾಗದಲ್ಲಿ ಗೆರೆ ಎಳೆದರು, ಅಷ್ಟೆ. ಡಾರ್ವಿನ್ ಮಾತ್ರ ಮೆಂಡೆಲರ ಪ್ರಬಂಧವನ್ನು ಓದಲೇ ಇಲ್ಲ. ಓದಿದ್ದರೆ ಅವನ ದೊಡ್ಡ ಚಿಂತೆಯೊಂದಕ್ಕೆ ಮದ್ದು ಸಿಗುತ್ತಿತ್ತು. ತಂದೆ ತಾಯಿಯ ಗುಣಗಳು ಮಕ್ಕಳಲ್ಲಿ ಹಾಲಿಗೆ ಡಿಕಾಕ್ಷನ್ ಬೆರೆತ ಹಾಗೆ ಬೆರೆತುಹೋಗುತ್ತವೆ ಎಂದು ಆಗ ಎಲ್ಲರೂ ತಿಳಿದಿದ್ದರು. ಹಾಗಾದರೆ ಒಂದು ಜೀವಿಯಲ್ಲಿ ಹೊಸದಾಗಿ ಬಂದ ಒಳ್ಳೆಯ ಗುಣ ತಲೆಮಾರು ಕಳೆದಂತೆ ತೆಳುವಾಗಿ ಇಲ್ಲವಾಗಬೇಕು, ವಿಕಾಸ ನಡೆಯುವುದೇ ಕಷ್ಟ. ಮೆಂಡೆಲ್ ತೋರಿಸಿದ್ದು ಬೇರೆ. ಗುಣಗಳು ಒಂದೇ ಮೂಟೆಯಲ್ಲಿ ಸುರಿದ ರಾಗಿ ಸಾಸಿವೆಯ ಹಾಗೆ. ಎಷ್ಟು ಕಲಸಿದರೂ ರಾಗಿ ರಾಗಿಯೇ, ಸಾಸಿವೆ ಸಾಸಿವೆಯೇ. ಹೊಸ ಗುಣ ಕರಗದೆ ಉಳಿಯುತ್ತದೆ. 1930ರ ದಶಕದ ಹೊತ್ತಿಗೆ ವಿಜ್ಞಾನಿಗಳು ಡಾರ್ವಿನ್ ಮತ್ತು ಮೆಂಡೆಲ್ ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿದರು. ಇಂದು ಶಾಲೆಯಲ್ಲಿ ಕಲಿಸುವ ವಿಕಾಸವಾದಕ್ಕೆ ಅಡಿಪಾಯ ಈ ಜೋಡಿಯೇ. 18ನೆಯ ಪಾಠ ಇಟ್ಟುಕೊಂಡು 19ನೆಯದನ್ನು ಬಿಟ್ಟರೆ ಬೀಜ ಕೊಟ್ಟು ಬೆಳೆಯ ಮಾತು ಎತ್ತಬೇಡ ಎಂದಂತೆ.

1868ರಲ್ಲಿ ಮೆಂಡೆಲ್ ಮಠಾಧಿಪತಿಯಾಗಿ ಆಯ್ಕೆಯಾದರು. ಶಾಲೆಯ ಕೆಲಸ ನಿಂತಿತು, ತೋಟದ ಕೆಲಸವೂ ಕಡಿಮೆಯಾಯಿತು. ಜೇನು ಸಾಕಿದರು, ದಿನದಿನದ ಮಳೆ ಗಾಳಿಯ ಲೆಕ್ಕ ಬರೆದಿಟ್ಟರು. 1874ರಲ್ಲಿ ಸರ್ಕಾರ ಮಠಗಳ ಮೇಲೆ ಹೊಸ ತೆರಿಗೆ ಹೇರಿದಾಗ ಅದು ಅನ್ಯಾಯವೆಂದು ಕಟ್ಟಲು ಒಪ್ಪಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಸುಮ್ಮನಾದರೂ ಅವರು ಕೊನೆಯವರೆಗೆ ಹಟ ಬಿಡಲಿಲ್ಲ. ಈ ಜಗಳದಲ್ಲಿ ಅವರ ಆರೋಗ್ಯ ಸವೆಯಿತು. 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಮೂತ್ರಪಿಂಡದ ಕಾಯಿಲೆಯಿಂದ ಪ್ರಭುವಿನ ಪಾದ ಸೇರಿದರು. ಅಂತ್ಯಸಂಸ್ಕಾರದ ಪೂಜೆಯ ಸಂಗೀತವನ್ನು ಮುಂದೆ ಜಗತ್ಪ್ರಸಿದ್ಧರಾದ ಲಿಯೋಷ್ ಯಾನಾಚೆಕ್ ನಡೆಸಿಕೊಟ್ಟರು. ಬಡವರಿಗೆ ಕೊಡುಗೈಯಾಗಿದ್ದ ಮಠಾಧಿಪತಿ ಹೋದರೆಂದು ಊರಿನವರು ಮರುಗಿದರು. ಒಬ್ಬ ದೊಡ್ಡ ವಿಜ್ಞಾನಿ ಹೋದರೆಂದು ಜಗತ್ತಿಗೆ ತಿಳಿಯಲಿಲ್ಲ. ಅವರ ಕಾಗದ ಪತ್ರಗಳಲ್ಲಿ ಬಹುಪಾಲು ಬೆಂಕಿಗೆ ಹೋದವು. 16 ವರ್ಷ ಕಳೆದು, 1900ರಲ್ಲಿ, ಬೇರೆ ಬೇರೆ ದೇಶಗಳ ಸಸ್ಯಶಾಸ್ತ್ರಜ್ಞರು ಇದೇ ಲೆಕ್ಕವನ್ನು ತಾವೂ ಕಂಡು, ಹಳೆಯ ಪುಸ್ತಕ ತೆರೆದಾಗ ಈ ಸನ್ಯಾಸಿಯ ಹೆಸರು ಸಿಕ್ಕಿತು.

ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ. 1925ರಲ್ಲಿ ಅಮೆರಿಕದ ಟೆನೆಸಿ ರಾಜ್ಯದಲ್ಲಿ ವಿಕಾಸವಾದ ಪಾಠ ಮಾಡಿದ್ದಕ್ಕೆ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕನಿಗೆ ನ್ಯಾಯಾಲಯ 100 ಡಾಲರ್ ದಂಡ ಹಾಕಿತು. ಅಲ್ಲಿ ಬೈಬಲಿನ ಹೆಸರಿನಲ್ಲಿ ಪಾಠ ತಡೆದರು. ದೇವರೇ ಇಲ್ಲವೆಂದ ಸೋವಿಯತ್ ರಷ್ಯಾದಲ್ಲಿ ಇದೇ ಕೆಲಸ ಇನ್ನೊಂದು ಹೆಸರಿನಲ್ಲಿ ನಡೆಯಿತು. ಮೆಂಡೆಲರ ವಿಜ್ಞಾನ ಒಬ್ಬ ಸನ್ಯಾಸಿಯ ಕಟ್ಟುಕತೆ ಎಂದು ಹೀಗಳೆದು, 1948ರಲ್ಲಿ ಅದನ್ನು ಶಾಲೆ ಕಾಲೇಜುಗಳಿಂದ ತೆಗೆದುಹಾಕಿದರು. ಅದಕ್ಕೂ ಮೊದಲೇ, ಜಗತ್ತಿನ ಮೂಲೆ ಮೂಲೆಯಿಂದ ಬೀಜ ಕೂಡಿಟ್ಟ ವಿಜ್ಞಾನಿ ವಾವಿಲೋವ್ 1943ರಲ್ಲಿ ಜೈಲಿನಲ್ಲಿ ಸತ್ತಿದ್ದರು. 1950ರಲ್ಲಿ ಬ್ರುನೋದ ಆ ಮಠಕ್ಕೇ ಬೀಗ ಬಿತ್ತು. ಒಮ್ಮೆ ಧರ್ಮದ ಹೆಸರಿನಲ್ಲಿ, ಒಮ್ಮೆ ನಾಸ್ತಿಕರ ಕೈಯಲ್ಲಿ, ಪಾಠ ಅಳಿಸುವ ಪ್ರಯತ್ನ ನಡೆಯಿತು. ಬಟಾಣಿಯ ಲೆಕ್ಕ ಮಾತ್ರ ಬದಲಾಗಲಿಲ್ಲ.

ನಮ್ಮ ಧರ್ಮಸಭೆ ಈ ವಿಷಯದಲ್ಲಿ ಎಲ್ಲಿ ನಿಂತಿದೆ? ಡಾರ್ವಿನ್ನನ ಆ ಗ್ರಂಥವನ್ನು ರೋಮ್ ತನ್ನ ನಿಷಿದ್ಧ ಪುಸ್ತಕಗಳ ಪಟ್ಟಿಗೆ ಎಂದೂ ಸೇರಿಸಲಿಲ್ಲ. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು ತಮ್ಮ ವಿಶ್ವಪತ್ರದಲ್ಲಿ, ಮನುಷ್ಯನ ದೇಹ ಹೇಗೆ ಬಂತು ಎಂಬುದನ್ನು ಪಂಡಿತರು ಪರಿಶೀಲಿಸಬಹುದು, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂಬ ವಿಶ್ವಾಸವನ್ನು ಬಿಡಬಾರದು ಎಂದು ತಿಳಿಸಿದರು. 1996ರಲ್ಲಿ ಸಂತ ಎರಡನೆಯ ಜಾನ್ ಪಾಲ್‌ರವರು, ಈಗ ಇದು ಬರೀ ಊಹೆಯಾಗಿ ಉಳಿದಿಲ್ಲ ಎಂದು ಒಪ್ಪಿಕೊಂಡರು. 2014ರಲ್ಲಿ ಪೋಪ್ ಫ್ರಾನ್ಸಿಸ್‌ರವರು, ವಿಕಾಸಕ್ಕೂ ಸೃಷ್ಟಿಗೂ ವಿರೋಧವಿಲ್ಲ, ವಿಕಾಸವಾಗಲು ಮೊದಲು ಜೀವಿಗಳ ಸೃಷ್ಟಿಯಾಗಿರಬೇಕಲ್ಲವೇ ಎಂಬ ಅರ್ಥದಲ್ಲಿ ವಿವರಿಸಿದರು. ಇವರೆಲ್ಲರಿಗಿಂತ ಬಹಳ ಮೊದಲೇ, ಮೆಂಡೆಲರ ಮಠ ಪಾಲಿಸುತ್ತಿದ್ದ ನಿಯಮವನ್ನು ಕೊಟ್ಟ ಸಂತ ಅಗಸ್ಟೀನರು ಆದಿಕಾಂಡದ ಮೇಲಿನ ತಮ್ಮ ವ್ಯಾಖ್ಯಾನದಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದರು. ಪ್ರಕೃತಿಯ ವಿಷಯವನ್ನು ಸರಿಯಾಗಿ ಬಲ್ಲವರ ಮುಂದೆ ಕ್ರೈಸ್ತರು ಧರ್ಮಗ್ರಂಥದ ಹೆಸರು ಹೇಳಿ ತಪ್ಪು ಮಾತಾಡಿದರೆ, ಅವರು ನಮ್ಮ ಪುನರುತ್ಥಾನದ ಮಾತನ್ನಾದರೂ ಹೇಗೆ ನಂಬಿಯಾರು ಎಂಬುದು ಅದರ ಸಾರ.

ಆದಿಕಾಂಡ ನಮಗೆ ಹೇಳುವುದು ಈ ಲೋಕ ಯಾರದು, ಏಕೆ ಇದೆ, ಮನುಷ್ಯನ ಬೆಲೆ ಏನು ಎಂಬುದನ್ನು. ಕಾಳು ದುಂಡಗೆ ಏಕೆ ಬಂತು, ಜೀವಿಗಳು ಹೇಗೆ ಬದಲಾದವು ಎಂಬುದನ್ನು ತೋಟದಲ್ಲಿ, ಕಲ್ಲಿನಲ್ಲಿ, ಜೀವಕೋಶದಲ್ಲಿ ಹುಡುಕಬೇಕು. ಎರಡಕ್ಕೂ ಒಡೆಯರು ಒಬ್ಬರೇ ಎಂದು ನಂಬಿದವರಿಗೆ ಯಾವ ಪಾಠದ ಹೆದರಿಕೆಯೂ ಬೇಡ. ಮೆಂಡೆಲರ ಒಂದು ಪಾಸ್ಖ ಹಬ್ಬದ ಪ್ರಬೋಧನೆಯ ಟಿಪ್ಪಣಿ ಉಳಿದಿದೆ. ಉತ್ಥಾನರಾದ ಪ್ರಭು ಮಗ್ದಲದ ಮರಿಯಳಿಗೆ ತೋಟಗಾರನ ಹಾಗೆ ಕಂಡ ಪ್ರಸಂಗವನ್ನು ಅವರು ಅದರಲ್ಲಿ ಧ್ಯಾನಿಸಿದ್ದಾರೆ. ತೋಟದಲ್ಲೇ ಬಾಳು ಸವೆಸಿದ ಗುರುಗಳಿಗೆ ಆ ವಾಕ್ಯ ಎಷ್ಟು ಹತ್ತಿರವಾಗಿರಬೇಕು!

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮಕ್ಕಳು 19ನೆಯ ಪಾಠ ಹಿಡಿದು ಪ್ರಶ್ನೆ ಕೇಳಿದಾಗ ಪುಸ್ತಕ ಮುಚ್ಚಿಸಬೇಡಿ. ಪಕ್ಕದಲ್ಲಿ ಕೂತು ಓದಲು ಹೇಳಿ, ತಿಳಿಯದಿದ್ದರೆ ಶಾಲೆಯ ಶಿಕ್ಷಕರನ್ನೂ ಧರ್ಮಕೇಂದ್ರದ ಗುರುಗಳನ್ನೂ ಕೇಳಲು ಕಳಿಸಿ. ಹಿಂದಿನ ಪಾಠದಲ್ಲಿ ಬಟಾಣಿ ಎಣಿಸಿದವರು ನಮ್ಮವರೇ ಎಂದು ಹೇಳಿಕೊಡಿ. ಸತ್ಯವನ್ನು ಹುಡುಕುವ ಧೈರ್ಯವನ್ನೂ, ಗೊತ್ತಾಗುವವರೆಗೆ ಕಾಯುವ ತಾಳ್ಮೆಯನ್ನೂ ಪ್ರಭು ನಮ್ಮ ಮಕ್ಕಳಿಗೆ ಅನುಗ್ರಹಿಸಲೆಂದು ಪ್ರಾರ್ಥಿಸೋಣ.